ಕಾಂಪೌಂಡಿನೊಳಗಿನ ತವರು

"ಎಕ್ಸ್‌ಪ್ಯಾಟ್" ಅನ್ನೋ ಪದ ಕೇಳಿದ್ರೆ ಈಗೀಗ ನನಗೆ ಮೈ ಉರಿಯುತ್ತೆ. ಸಿಂಗಾಪುರದಲ್ಲಿ ನಾಲ್ಕು ವರ್ಷ ಕೋಡ್ ಬರೀತಾ ಕೂತಿದ್ದಾಗ ನನ್ನನ್ನೂ ಹಾಗೇ ಕರೀತಿದ್ರು. ಆಗ ಉರಿ ಇರಲಿಲ್ಲ, ಖುಷಿಯೇ ಆಗ್ತಿತ್ತು. ಇದನ್ನ ಮೊದಲೇ ಒಪ್ಪಿಕೊಂಡುಬಿಟ್ಟರೆ ವಾಸಿ. ಒಂದ್ಸಲ ಅಮ್ಮನಿಗೆ ಫೋನಿನಲ್ಲಿ ಆ ಪದದ ಅರ್ಥ ಹೇಳೋಕೆ ಹೋಗಿದ್ದೆ. "ಅಂದ್ರೆ ಹೊಟ್ಟೆಪಾಡಿಗೆ ಊರು ಬಿಟ್ಟೋರು ಅಂತ ತಾನೇ?" ಅಂದ್ಲು. "ಅಯ್ಯೋ ಅಲ್ಲಮ್ಮಾ, ಅದು ಬೇರೆ, ಇದು ಬೇರೆ" ಅಂದೆ. ಏನು ಬೇರೆ ಅಂತ ಕೇಳಿದ್ಲು. ಸಿಗ್ನಲ್ ಸರಿ ಇಲ್ಲ ಅಂತ ಹೇಳಿ ಫೋನ್ ಇಟ್ಟೆ.

ಏನು ಬೇರೆ ಅನ್ನೋದು ನನಗೆ ಅರ್ಥವಾಗಿದ್ದು ಸ್ವಿಟ್ಜರ್ಲೆಂಡಿನವರಿಂದ.

ನಮ್ಮ ಟೀಮಿನ ಮ್ಯಾನೇಜರ್ ಜ್ಯೂರಿಕ್ ಕಡೆಯವನು. ಇಪ್ಪತ್ತು ವರ್ಷದಿಂದ ಏಷ್ಯಾದಲ್ಲೇ ಇದ್ದವನು, ಒಳ್ಳೇ ಮನುಷ್ಯ, ಡೆಡ್‌ಲೈನ್ ವಿಷಯ ಬಿಟ್ಟರೆ ಯಾರ ಮೇಲೂ ದನಿ ಎತ್ತಿದವನಲ್ಲ. ಒಂದು ಆಗಸ್ಟ್ 1ರಂದು ನನ್ನನ್ನ, ನನ್ನ ಹೆಂಡತಿಯನ್ನ, ನಮ್ಮ ಆಫೀಸಿನಲ್ಲೇ ಇದ್ದ ನನ್ನ ಜಯನಗರದ ಗೆಳೆಯನನ್ನ ತಮ್ಮ ಕ್ಲಬ್ಬಿಗೆ ಕರೆದ. ಅವತ್ತು ಅವರ ರಾಷ್ಟ್ರೀಯ ದಿನ. ಬುಕಿಟ್ ತಿಮಾದ ಹಸಿರು ದಿಣ್ಣೆಗಳ ಮಧ್ಯೆ ಅವರದೊಂದು ದೊಡ್ಡ ಆವರಣ ಇದೆ. ಅಲ್ಲಿಗೆ ಹೋಗೋ ರಸ್ತೆಯ ಹೆಸರೇ ಸ್ವಿಸ್ ಕ್ಲಬ್ ರೋಡ್. ಒಂದು ಸಮುದಾಯದ ಕ್ಲಬ್ಬಿನ ಹೆಸರನ್ನ ರಸ್ತೆಗೇ ಇಡಬೇಕಾದ್ರೆ ಅವರು ಎಷ್ಟು ಕಾಲದಿಂದ ಅಲ್ಲಿ ಊರಿರಬೇಕು ನೋಡಿ. 1871ರಲ್ಲಿ ಶುರುವಾಗಿದ್ದು ಅದು, ಬಂದೂಕಿನ ಗುರಿಯಭ್ಯಾಸದ ಸಂಘವಾಗಿ. ಅವರ ದೇಶದಲ್ಲಿ 1824ರಿಂದಲೇ ಗುರಿಕಾರರ ರಾಷ್ಟ್ರೀಯ ಸಂಘ ಇತ್ತು. ಅಲ್ಲಿ ಗಂಡಸು ಅಂದಮೇಲೆ ಸೈನಿಕನೂ ಹೌದು, ಬಂದೂಕು ಹಿಡಿಯೋದು ನಾಗರಿಕನ ಕರ್ತವ್ಯ. ವ್ಯಾಪಾರಕ್ಕೆ ಅಂತ ಸಿಂಗಾಪುರಕ್ಕೆ ಬಂದ ಹುಡುಗರು ನಾಲ್ಕು ಜನ ಸೇರೋಕೆ ಅದೇ ನೆಪ ಹಿಡ್ಕೊಂಡ್ರು. ನಮ್ಮವರು ಭಜನೆಯ ನೆಪದಲ್ಲಿ ಸೇರ್ತಾರಲ್ಲ, ಹಾಗೆ.

ಆ ಸಂಜೆಯನ್ನ ಗೇಲಿ ಮಾಡೋದು ಸುಲಭ. ನನಗೆ ಮನಸ್ಸಿಲ್ಲ. ಕೆಂಪು ಕಾಗದದ ಲಾಟೀನುಗಳ ಮೇಲೆ ಬಿಳಿ ಶಿಲುಬೆ. ಸಣ್ಣ ಮಕ್ಕಳು ಅದನ್ನ ಕೋಲಿಗೆ ಕಟ್ಟಿಕೊಂಡು ಸಾಲಾಗಿ ಹೋದ್ರು. ಎರಡೂ ತುದಿಗೆ ಅಡ್ಡ-ಉದ್ದ ಸೀಳಿದ ಸರ್ವೆಲಾ ಸಾಸೇಜು ಕೆಂಡದ ಮೇಲೆ ಹೂವಿನ ಹಾಗೆ ಅರಳ್ತಿತ್ತು. ಮೂಲೆಯ ಮೇಜಿನಲ್ಲಿ ನಾಲ್ಕು ಜನ ಮುದುಕರು 36 ಎಲೆಯ ಯಾಸ್ ಅನ್ನೋ ಇಸ್ಪೀಟಾಟದಲ್ಲಿ ಮುಳುಗಿದ್ರು. ಅದರ ಎಲೆಗಳಲ್ಲಿ ಆಟೀನು, ಇಸ್ಪೀಟು ಇಲ್ಲ, ಗುಲಾಬಿ, ಗಂಟೆ, ಗುರಾಣಿ, ಓಕ್ ಮರದ ಕಾಯಿ. ಮೂವತ್ತು ಡಿಗ್ರಿ ಸೆಕೆಯಲ್ಲಿ ಯಾರೋ ಫಾಂಡ್ಯೂ ಬೇರೆ ಇಟ್ಟಿದ್ರು. ಕರಗಿದ ಚೀಸಿನೊಳಗೆ ಬ್ರೆಡ್ ತುಂಡು ಬೀಳಿಸಿದವರು ದಂಡ ಕೊಡಬೇಕು. ಕೊನೆಗೆ ಪಾತ್ರೆಯ ತಳಕ್ಕೆ ಹತ್ತಿದ ಗರಿಗರಿ ಪದರಕ್ಕೆ ಜಗಳ, ನಮ್ಮನೇಲಿ ತುಪ್ಪ ಕಾಯಿಸಿದ ಪಾತ್ರೆಯ ತಳ ಕೆರೆಯೋಕೆ ನಾವು ಆಡ್ತಿದ್ದ ಜಗಳವೇ. ಅದರಲ್ಲಿ ವೈನ್ ಇರುತ್ತೆ ಅಂತ ನನ್ನ ಹೆಂಡತಿಗೆ ಗೊತ್ತಾಗಿದ್ದು ಮೂರನೇ ತುಂಡು ತಿಂದ ಮೇಲೆ. ನಾಲ್ಕನೆಯದನ್ನೂ ತಿಂದ್ಲು, ಆ ಮಾತು ಬೇರೆ.

ಜರ್ಮನ್ ಮಾತಾಡೋ ಸ್ವಿಸ್ಸರು, ಫ್ರೆಂಚ್ ಮಾತಾಡೋ ಸ್ವಿಸ್ಸರು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಹರಟ್ತಿದ್ರು. ಪರದೆ ಮೇಲೆ ಅವರ ರಾಷ್ಟ್ರಾಧ್ಯಕ್ಷರ ಸಂದೇಶ ಬಂತು, ಹೊರದೇಶದಲ್ಲಿರೋ ಸ್ವಿಸ್ಸರಿಗೆ ಅಂತಲೇ ಪ್ರತಿವರ್ಷ ಕಳಿಸೋದು. ಆಮೇಲೆ ರಾಷ್ಟ್ರಗೀತೆ. ಎರಡನೇ ಚರಣಕ್ಕೆ ಬರೋ ಹೊತ್ತಿಗೆ ಎಲ್ಲರ ಕಣ್ಣೂ ಕೈಯಲ್ಲಿದ್ದ ಹಾಳೆ ಮೇಲೆ. ನಮ್ಮ ಮ್ಯಾನೇಜರ್ ಹಾಳೆ ನೋಡಲಿಲ್ಲ. ಸಿಂಗಾಪುರದಲ್ಲೇ ಹುಟ್ಟಿದ ಮಗಳ ಹೆಗಲ ಮೇಲೆ ಕೈ ಇಟ್ಟುಕೊಂಡು ಹಾಡ್ತಿದ್ದ. ಕಣ್ಣು ಒದ್ದೆಯಾಗಿತ್ತು. ಸುಳ್ಳು ಹೇಳಲ್ಲ, ನನ್ನ ಗಂಟಲೂ ಕಟ್ಟಿತು.

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಗೆಳೆಯ ಹೇಳಿದ, "ನೋಡು ಮಗಾ, ಕಲ್ಚರ್ ಉಳಿಸ್ಕೊಳ್ಳೋದು ಅಂದ್ರೆ ಹಿಂಗೆ. ನಾವೂ ಇದೀವಿ."

ಸರಿ, ಯಾವ ಕಲ್ಚರ್ ಅಂತ ನಾನು ಆಮೇಲೆ ಒಂದಷ್ಟು ಓದಿದೆ. ಆಗಸ್ಟ್ 1 ಅಂದ್ರೆ 1291ನೇ ಇಸವಿಯ ಒಪ್ಪಂದದ ನೆನಪು ಅಂತಾರೆ. ಆದ್ರೆ ಅದನ್ನ ಮೊದಲ ಸಲ ದೇಶಕ್ಕೆ ದೇಶವೇ ಸೇರಿ ಆಚರಿಸಿದ್ದು 1891ರಲ್ಲಿ, 600 ವರ್ಷ ತುಂಬಿತು ಅಂತ. ವರ್ಷವರ್ಷವೂ ಆಚರಿಸೋ ರೂಢಿ ಬಂದಿದ್ದು 1899ರಿಂದ. ಅದರ ಹಿಂದಿದ್ದ ಒತ್ತಾಯಗಳಲ್ಲಿ ಒಂದು ಯಾರದ್ದು ಗೊತ್ತಾ? ಹೊರದೇಶಗಳಲ್ಲಿದ್ದ ಸ್ವಿಸ್ಸರದ್ದು. ಅವರು ನೆಲೆಸಿದ ದೇಶಗಳಿಗೆಲ್ಲ ಒಂದೊಂದು ರಾಷ್ಟ್ರೀಯ ಹಬ್ಬ ಇತ್ತು, ಇವರಿಗೆ ಇರಲಿಲ್ಲ. ತವರಿನಲ್ಲಿ ಅದಕ್ಕೆ ಪೂರ್ತಿ ರಜೆ ಸಿಕ್ಕಿದ್ದು 1994ರಲ್ಲಿ, ಅದೂ ಜನಮತ ಹಾಕಿಸಿದ ಮೇಲೆ. ಫಾಂಡ್ಯೂ ಕಥೆ ಇನ್ನೂ ಮಜಾ. ಅದು ಮುಂಚಿನಿಂದಲೂ ಕೆಲವು ಕಡೆಯ ಊಟವಾಗಿತ್ತು ನಿಜ, ಅದನ್ನ ಇಡೀ ದೇಶದ ಊಟ ಅಂತ ಮಾಡಿದ್ದು 1930ರ ದಶಕದಲ್ಲಿ ಚೀಸ್ ಮಾರಾಟದ ಒಕ್ಕೂಟ, ಸರಕು ಖಾಲಿಯಾಗಲಿ ಅಂತ. ಸಂಪ್ರದಾಯಗಳು ಹೀಗೇ ಹುಟ್ಟೋದು, ಇದರಲ್ಲಿ ನಾಚಿಕೆಪಡೋದು ಏನೂ ಇಲ್ಲ. ಊರಿಂದ ದೂರ ಇರೋವ್ನಿಗೆ ಹಬ್ಬದ ಹಸಿವು ಜಾಸ್ತಿ. ಅಷ್ಟನ್ನ ನಾನು ಪೂರ್ತಿ ಒಪ್ತೀನಿ.

ನನ್ನ ತಕರಾರು ಶುರುವಾಗೋದು ಅದರ ಮುಂದಿನ ಭಾನುವಾರ.

ಅದೇ ಗೆಳೆಯನ ಜೊತೆ ಕರಿಬೇವು, ಕೊಬ್ಬರಿ, ಹುಣಸೆಹಣ್ಣು ತರೋಕೆ ಲಿಟ್ಲ್ ಇಂಡಿಯಾಗೆ ಹೋಗಿದ್ದೆ. ಭಾನುವಾರ ಸಂಜೆ ಸೆರಂಗೂನ್ ರೋಡ್ ಸುತ್ತಮುತ್ತ ಕಾಲಿಡೋಕೆ ಜಾಗ ಇರಲ್ಲ. ತಮಿಳುನಾಡಿನವರು, ಆಂಧ್ರದವರು, ಬಾಂಗ್ಲಾದವರು, ವಾರಕ್ಕೆ ಆರು ದಿನ ಕಟ್ಟಡ ಕಟ್ಟೋರು, ಹಡಗು ಬೆಸೆಯೋರು, ಮೆಟ್ರೋ ಸುರಂಗ ತೋಡೋರು, ಅಲ್ಲಿ ಸೇರ್ತಾರೆ. ಊರಿಗೆ ದುಡ್ಡು ಕಳಿಸ್ತಾರೆ, ಕ್ಷೌರ ಮಾಡಿಸ್ಕೋತಾರೆ, ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸ್ಕೊಂಡು ಊರಿನವರ ಜೊತೆ ಕೂರ್ತಾರೆ. ಒಬ್ಬನ ಮೊಬೈಲಿನಲ್ಲಿ ಹಾಡು, ಇನ್ನೊಬ್ಬನ ಕೈಯಲ್ಲಿ ಇಸ್ಪೀಟು, ಮಧ್ಯದಲ್ಲಿ ಪೊಟ್ಟಣದ ಬಿರಿಯಾನಿ. ನೋಡಿದ ಗೆಳೆಯ ಮೂಗು ಮುರಿದ. "ಎಲ್ಲೋದ್ರೂ ಗುಂಪು ಕಟ್ಕೊಂಡು ಕೂರ್ತಾರೆ ಮಗಾ. ಒಂಚೂರೂ ಬೆರೆಯಲ್ಲ ಈ ಜನ."

ನಡುವೆ ಒಂದು ವಾರವೂ ಆಗಿರಲಿಲ್ಲ! ಇಸ್ಪೀಟು ಅಲ್ಲೂ ಇತ್ತು. ಹಾಡು ಅಲ್ಲೂ ಇತ್ತು. ಊರಿನ ಊಟ, ಊರಿನ ಭಾಷೆ, ಊರಿನ ನೆನಪಲ್ಲಿ ಒದ್ದೆಯಾದ ಕಣ್ಣು, ಎಲ್ಲ ಅಲ್ಲೂ ಇತ್ತು. ಅಲ್ಲಿ ಬೆರೆಯದೇ ಇದ್ದದ್ದು ಕಲ್ಚರ್, ಇಲ್ಲಿ ಬೆರೆಯದೇ ಇದ್ದದ್ದು ರೋಗ. ನಾನು ಅವನಿಗೆ ಅವತ್ತು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು.

ಹಾಳೆಗಳ ಮಧ್ಯೆ ದಾಟಿಕೊಂಡು ಹೋಗ್ತಿದ್ದಾಗ ಒಬ್ಬರು ತಿರುಗಿ, "ಸಾರ್, ನೀವು ಕನ್ನಡದೋರಾ?" ಅಂದ್ರು. ಹೊಸೂರಿನ ಆಚೆ ತಳಿ ಕಡೆಯವರು, ಮನೆಮಾತು ಕನ್ನಡ, ಹಡಗುಕಟ್ಟೆಯಲ್ಲಿ ವೆಲ್ಡರ್. "ಕೂತ್ಕೊಳ್ಳಿ ಸಾರ್" ಅಂತ ಹಾಳೆಯ ಮೇಲೆ ಜಾಗ ಮಾಡಿದ್ರು. ಗೆಳೆಯ ಕೂರಲಿಲ್ಲ, ಪ್ಯಾಂಟು ಕೊಳೆಯಾಗುತ್ತೆ ಅಂತ. ನಾನು ಕೂತೆ. "ಎಷ್ಟು ವರ್ಷ ಆಯ್ತು ಅಣ್ಣಾ?" ಅಂದೆ. ಆರು ವರ್ಷ, ಅದರಲ್ಲಿ ಎರಡು ಸಲ ಊರಿಗೆ ಹೋಗಿದ್ರು. ಮಗಳು ಹುಟ್ಟಿದಾಗ ಇಲ್ಲೇ ಇದ್ರಂತೆ. "ಫೋನಲ್ಲಿ ಮಾತಾಡ್ತಾಳೆ ಸಾರ್. ಎದುರಿಗೆ ಹೋದ್ರೆ ಅಮ್ಮನ ಸೆರಗಿನ ಹಿಂದೆ ಅವಿತ್ಕೊತಾಳೆ." ಹೆಂಡ್ತಿ ಮಗಳನ್ನ ಇಲ್ಲಿಗೇ ಕರ್ಕೊಂಡು ಬರಬಹುದಲ್ಲ ಅಂತ ನಾನು ಪೆದ್ದುಪೆದ್ದಾಗಿ ಕೇಳಿದೆ. ಅವರು ನಕ್ಕರು.

ಬರೋ ಹಾಗಿಲ್ಲ. ಸಿಂಗಾಪುರದ ನಿಯಮದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ಇದ್ದು, ಸಂಬಳ ಒಂದು ಮಿತಿ ದಾಟಿದ್ರೆ ಹೆಂಡತಿ ಮಕ್ಕಳನ್ನ ಕರೆಸಿಕೊಳ್ಳಬಹುದು. ನಮ್ಮ ಮ್ಯಾನೇಜರ್ ಕರೆಸಿಕೊಂಡಿದ್ದ, ನಾನೂ ಕರೆಸಿಕೊಂಡಿದ್ದೆ. ವರ್ಕ್ ಪರ್ಮಿಟ್ಟಿನ ಕೂಲಿಯವರಿಗೆ ಆ ಹಕ್ಕಿಲ್ಲ. ಅವರು ಅಲ್ಲಿನ ನಾಗರಿಕರನ್ನ ಮದುವೆಯಾಗಬೇಕಂದ್ರೂ ಸರ್ಕಾರದ ಅಪ್ಪಣೆ ಬೇಕು. ಅಮ್ಮ ಕೇಳಿದ್ದಳಲ್ಲ, ಏನು ಬೇರೆ ಅಂತ? ಇದು ಬೇರೆ. ಪಾಸಿನ ಹೆಸರು ಬೇರೆ.

ಆ ಹುಲ್ಲಿನ ಹಾಳೆಗೂ ಒಂದು ಚರಿತ್ರೆ ಇದೆ. 2013ರ ಡಿಸೆಂಬರ್ 8ರ ಭಾನುವಾರ ರಾತ್ರಿ ಅಲ್ಲೇ ರೇಸ್ ಕೋರ್ಸ್ ರೋಡಿನಲ್ಲಿ ಬಸ್ಸಿನ ಕೆಳಗೆ ಸಿಕ್ಕಿ ಭಾರತದ ಒಬ್ಬ ಕೂಲಿಕಾರ ಸತ್ತ. ಗಲಭೆ ಆಯ್ತು, ಆಂಬುಲೆನ್ಸಿಗೆ, ಪೊಲೀಸ್ ಗಾಡಿಗಳಿಗೆ ಬೆಂಕಿ ಬಿತ್ತು. ನಲವತ್ತು ವರ್ಷಕ್ಕೂ ಮೇಲೆ ಗಲಭೆ ಅನ್ನೋದನ್ನೇ ಕಾಣದ ಊರು ಬೆಚ್ಚಿಬಿತ್ತು. ಕುಡಿತವೂ ಒಂದು ಕಾರಣ ಅಂತ ವಿಚಾರಣಾ ಸಮಿತಿ ಹೇಳಿತು. 2015ರಲ್ಲಿ ಕಾನೂನು ಬಂತು. ರಾತ್ರಿ ಹತ್ತೂವರೆ ಮೇಲೆ ಊರಲ್ಲೆಲ್ಲೂ ಸಾರ್ವಜನಿಕ ಜಾಗದಲ್ಲಿ ಕುಡಿಯೋ ಹಾಗಿಲ್ಲ, ಲಿಟ್ಲ್ ಇಂಡಿಯಾದಲ್ಲಿ ಇನ್ನೂ ಬಿಗಿ, ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆವರೆಗೆ ಬೀದಿಯಲ್ಲಿ, ಮೈದಾನದಲ್ಲಿ ಒಂದು ಕ್ಯಾನ್ ಬಿಯರೂ ಇಲ್ಲ.

ಗಲಭೆಯನ್ನ ನಾನು ಸಮರ್ಥಿಸ್ತಿಲ್ಲ. ಕಾನೂನು ಎಲ್ಲರಿಗೂ ಒಂದೇ ಅನ್ನೋದೂ ನಿಜ. ನಮ್ಮ ಮ್ಯಾನೇಜರ್ ಬಂದು ಆ ಹುಲ್ಲಿನ ಮೇಲೆ ವೈನ್ ಬಾಟಲಿ ಬಿಚ್ಚಿದ್ರೆ ಅವನಿಗೂ ದಂಡ ಬೀಳುತ್ತೆ. ಆದ್ರೆ ಅವನು ಯಾಕೆ ಬರ್ತಾನೆ ಹೇಳಿ? ಅವನಿಗೆ ಗೇಟು ಇದೆ, ಗೇಟಿನಾಚೆ ಹುಲ್ಲಿದೆ, ಹುಲ್ಲಿನ ಮೇಲೆ ಮೇಜಿದೆ, ಮೇಜಿನ ಮೇಲೆ ಬಾಟಲಿ ಇದೆ. ಮನೆ ನೆನಪಾಗಿ ನಾಲ್ಕು ಜನ ಸೇರೋದು ಇಬ್ಬರಿಗೂ ಒಂದೇ. ಒಬ್ಬನ ಸುತ್ತ ಕಾಂಪೌಂಡಿದೆ, ಇನ್ನೊಬ್ಬನ ಸುತ್ತ ಇಲ್ಲ. ಕಾಂಪೌಂಡಿನೊಳಗೆ ಸೇರಿದ್ರೆ ಕ್ಲಬ್ಬು, ಹೊರಗೆ ಸೇರಿದ್ರೆ ಗುಂಪು. ಕೂಲಿಯವರಿಗೂ ಅಂತ ಸರ್ಕಾರ ಮನರಂಜನಾ ಕೇಂದ್ರಗಳನ್ನ ಕಟ್ಟಿಸಿದೆ, ಅದನ್ನೂ ಹೇಳಬೇಕು. ಅವು ಇರೋದು ಡಾರ್ಮಿಟರಿಗಳ ಹತ್ತಿರ, ಊರಿನ ಅಂಚಿನಲ್ಲಿ. ಬುಕಿಟ್ ತಿಮಾದಲ್ಲಿ ಅಲ್ಲ.

"ಇದೆಲ್ಲ ಸಿಂಗಾಪುರದ ತಪ್ಪು, ಪಾಪ ಸ್ವಿಸ್ಸರು ಏನು ಮಾಡಿದ್ರು?" ಅಂತ ನೀವು ಕೇಳಬಹುದು. ಬನ್ನಿ, ಅವರ ಮನೆಗೇ ಹೋಗೋಣ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ರಸ್ತೆ, ಸುರಂಗ, ಅಣೆಕಟ್ಟು ಕಟ್ಟಿದ ಕೈಗಳಲ್ಲಿ ಬಹಳಷ್ಟು ಇಟಲಿಯವರದ್ದು. ಅವರಿಗೆ ಕೊಡ್ತಿದ್ದಿದ್ದು ಸೀಸನ್ ಪರ್ಮಿಟ್. ವರ್ಷಕ್ಕೆ ಒಂಬತ್ತು ತಿಂಗಳು ಕೆಲಸ, ಆಮೇಲೆ ಊರಿಗೆ ಹೋಗಿ ಮತ್ತೆ ಬರಬೇಕು, ಹೆಂಡತಿ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ. ಕದ್ದು ಕರೆತಂದವರು ಮಕ್ಕಳನ್ನ ಮನೆಯೊಳಗೇ ಬಚ್ಚಿಟ್ಟರು. ಸಾವಿರಾರು ಮಕ್ಕಳು ಹಾಗೆ ಬೆಳೆದರು, ಕಿಟಕಿ ಹತ್ತಿರ ಹೋಗಬೇಡ, ಜೋರಾಗಿ ನಗಬೇಡ, ಬಾಗಿಲು ಬಡಿದರೆ ಅವಿತ್ಕೋ. ಅವರನ್ನ ಬೀರುವಿನ ಮಕ್ಕಳು ಅಂತಲೇ ಅಲ್ಲಿ ಕರೀತಾರೆ. ಆ ಪರ್ಮಿಟ್ ಪೂರ್ತಿ ರದ್ದಾಗಿದ್ದು 2002ರಲ್ಲಿ. ನಾನು ಓದ್ತಾ ಓದ್ತಾ ತಳಿಯ ಅಣ್ಣನ ಮಗಳು ನೆನಪಾದಳು.

ಆ ಇಟಲಿಯವರೂ ಕ್ಲಬ್ಬು ಕಟ್ಟಿಕೊಂಡ್ರು. ಭಾನುವಾರ ಸೇರಿ ಇಸ್ಪೀಟಾಡಿದ್ರು, ಊರಿನ ಊಟ ಮಾಡಿದ್ರು, ಕೆಲಸದ ಕಷ್ಟಸುಖ ಮಾತಾಡಿದ್ರು. ಇಟಾಲಿಯನ್ ಸಂಘಗಳ ಒಕ್ಕೂಟ 1943ರಲ್ಲೇ ಶುರುವಾಗಿತ್ತು. ಸ್ವಿಸ್ ಪೊಲೀಸರು ಅವುಗಳ ಮೇಲೆ ಕಣ್ಣಿಟ್ಟರು. 1989ರಲ್ಲಿ ಬಯಲಾದ ಹಗರಣದಲ್ಲಿ ಗೊತ್ತಾಯ್ತು, ಪೊಲೀಸರ ಹತ್ತಿರ ಸುಮಾರು 9 ಲಕ್ಷ ಕಡತ ಇದ್ವು ಅಂತ. ಹೊರದೇಶದವರು, ಎಡಪಂಥೀಯರು, ಸಂಘ ಕಟ್ಟಿದವರು, ಯಾರ್ಯಾರದೋ ಕಡತ. 1970ರ ಜೂನ್ 7ರಂದು ವಿದೇಶಿಯರ ಸಂಖ್ಯೆಯನ್ನ ಜನಸಂಖ್ಯೆಯ 10%ಗೆ ಇಳಿಸಬೇಕು ಅಂತ ಜನಮತ ನಡೀತು. ಪ್ರಸ್ತಾಪ ಬಿದ್ದುಹೋಯ್ತು, ಆದ್ರೆ 46% ಜನ ಹೌದು ಅಂದಿದ್ರು. ಜನ ಅಂದ್ರೆ ಗಂಡಸರು. ಹೆಂಗಸರಿಗೆ ಅಲ್ಲಿ ರಾಷ್ಟ್ರಮಟ್ಟದಲ್ಲಿ ಓಟಿನ ಹಕ್ಕು ಬಂದಿದ್ದು 1971ರಲ್ಲಿ!

ಈಗ ಅದೇ ದೇಶ ತನ್ನವರು ಹೊರಗೆ ಹೋದ್ರೆ ಹೇಗೆ ನೋಡಿಕೊಳ್ಳುತ್ತೆ ಅಂತ ನೋಡಿ. ನೋಂದಾಯಿಸಿಕೊಂಡು ಹೊರದೇಶದಲ್ಲಿರೋ ಸ್ವಿಸ್ಸರು 8 ಲಕ್ಷಕ್ಕೂ ಹೆಚ್ಚು. ಅವರಿಗೆ "ಐದನೇ ಸ್ವಿಟ್ಜರ್ಲೆಂಡ್" ಅಂತ ಮುದ್ದಿನ ಹೆಸರು, ಒಳಗೆ ನಾಲ್ಕು ಭಾಷೆಯ ನಾಲ್ಕು ಸ್ವಿಟ್ಜರ್ಲೆಂಡ್, ಹೊರಗೆ ಐದನೆಯದು. 1916ರಿಂದ ಅವರದೇ ಸಂಸ್ಥೆ ಇದೆ, 140 ಜನರ ಪರಿಷತ್ತು ಇದೆ, ಪುಕ್ಕಟೆ ಪತ್ರಿಕೆ ಬರುತ್ತೆ. 1992ರಿಂದ ಅಂಚೆಯಲ್ಲೇ ಓಟು ಹಾಕಬಹುದು. (ನಾವು ಓಟು ಹಾಕಬೇಕಂದ್ರೆ ವಿಮಾನ ಹತ್ತಿ ಬೂತಿಗೇ ಬರಬೇಕು.) ಹೊರದೇಶದ ಸ್ವಿಸ್ಸರು ಒಬ್ಬರಿಗೊಬ್ಬರು, ತವರಿನ ಜೊತೆಗೆ, ಸಂಬಂಧ ಇಟ್ಟುಕೊಳ್ಳೋಕೆ ಸರ್ಕಾರ ಪ್ರೋತ್ಸಾಹ ಕೊಡಬೇಕು, ಅವರ ಸಂಘಗಳಿಗೆ ನೆರವೂ ಕೊಡಬಹುದು ಅಂತ ಅವರ ಸಂವಿಧಾನದ 40ನೇ ವಿಧಿಯಲ್ಲೇ ಇದೆ. ತನ್ನವನು ಪರಊರಲ್ಲಿ ತನ್ನತನ ಉಳಿಸಿಕೊಂಡರೆ ಸಂವಿಧಾನದ ಆಶೀರ್ವಾದ, ಪರಊರಿನವನು ತನ್ನಲ್ಲಿಗೆ ಬಂದು ಅದನ್ನೇ ಮಾಡಿದ್ರೆ ಪೊಲೀಸ್ ಕಡತ. ಸ್ವಿಸ್ಸರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಉಳಿದವರು ಬರೆದಿಡದೇ ಮಾಡೋದನ್ನ ಅವರು ಅಚ್ಚುಕಟ್ಟಾಗಿ ಬರೆದಿಟ್ಟು ಮಾಡಿದ್ರು, ಹಾಗಾಗಿ ನಮಗೆ ಕಾಣ್ತಿದೆ.

ಇದರಲ್ಲಿ ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು ಅವರ ಮರೆವು. ಇವರು ಯಾವಾಗಲೂ ಬ್ಯಾಂಕಿನವರು, ಔಷಧಿ ಕಂಪನಿಯವರೇ ಆಗಿರಲಿಲ್ಲ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಬದಲು ಮೂಲದ ಊರು ಇರುತ್ತೆ, ಹೆಸರಿನ ಹಿಂದೆ ಊರಿನ ಇನಿಷಿಯಲ್ ಇಟ್ಕೊಂಡ ನಮಗೆ ಇದು ಬೇಗ ಅರ್ಥ ಆಗುತ್ತೆ. ಹಿಂದೆ ಬಡವನನ್ನ ಸಾಕೋ ಹೊಣೆ ಆ ಮೂಲದ ಊರಿನದ್ದೇ ಆಗಿತ್ತು. ಸಾಕೋ ಬದಲು ಸಾಗಹಾಕಿದ್ರೆ ಅಗ್ಗ ಅಂತ ಕೆಲವು ಊರುಗಳಿಗೆ ಲೆಕ್ಕ ಹೊಳೀತು. 1855ರಲ್ಲಿ ರೋಟ್‌ರಿಸ್ಟ್ ಅನ್ನೋ ಒಂದೇ ಹಳ್ಳಿ 305 ಬಡವರನ್ನ ಹಡಗಿನ ಖರ್ಚು ಕೊಟ್ಟು ಅಮೆರಿಕಕ್ಕೆ ಕಳಿಸಿತು. ಅದಕ್ಕೂ ಮುಂಚೆ 1819ರಲ್ಲಿ, ಬರಗಾಲದ ಬೆನ್ನಿಗೇ, ಸುಮಾರು 2000 ಜನ ಬ್ರೆಜಿಲ್‌ಗೆ ಹೊರಟರು. ದಾರಿಯಲ್ಲೇ ನೂರಾರು ಜನ ಸತ್ತರು, ಉಳಿದವರು ಕಟ್ಟಿದ ಊರು ನೋವಾ ಫ್ರಿಬುರ್ಗೊ. 1845ರಲ್ಲಿ ಗ್ಲಾರುಸ್ ಪ್ರಾಂತ್ಯದ ಬಡವರು ಹೋಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನ್ಯೂ ಗ್ಲಾರುಸ್ ಕಟ್ಟಿದ್ರು. ಅಲ್ಲಿ 1938ರಿಂದ ವಿಲಿಯಂ ಟೆಲ್ ನಾಟಕ ಆಡ್ತಾ ಬಂದಿದ್ದಾರೆ, ಬೀದಿಬೀದಿಯಲ್ಲಿ ಮರದ ಬಾಲ್ಕನಿ, ಹೂಕುಂಡ. ಪ್ರವಾಸಿಗರು ಫೋಟೋ ತೆಗೆಯೋ ಆ ಊರಿಗೆ ಮೊದಲು ಕಾಲಿಟ್ಟೋರು ನಮ್ಮ ತಳಿಯ ಅಣ್ಣನಂಥವರೇ. ಎಕ್ಸ್‌ಪ್ಯಾಟ್ ಅಂತ ಅವರನ್ನ ಯಾರೂ ಕರೆದಿರಲಿಕ್ಕಿಲ್ಲ.

ಇಷ್ಟು ಹೇಳಿದ್ರೆ ಗೆಳೆಯರು ಒಂದು ಮಾತು ತಪ್ಪದೇ ಎತ್ತುತ್ತಾರೆ. ಕ್ಲಬ್ಬಿನವರು ತಮ್ಮ ದುಡ್ಡಿನಲ್ಲಿ ತಮ್ಮ ಜಾಗದಲ್ಲಿ ಮಾಡ್ಕೋತಾರೆ, ಯಾರಿಗೂ ತೊಂದರೆ ಕೊಡಲ್ಲ. ಒಪ್ಪಿದೆ. ಹಾಗಿದ್ರೆ "ದುಡ್ಡಿದ್ದೋರು ಗುಂಪು ಕಟ್ಟಬಹುದು, ಇಲ್ಲದೋರು ಬೆರೀಬೇಕು" ಅಂತ ಬಾಯಿಬಿಟ್ಟು ಹೇಳಿ. ಅದನ್ನ ಹೇಳೋಕೆ ನಾಚಿಕೆಯಾಗುತ್ತೆ, ಅದಕ್ಕೇ ಕಲ್ಚರ್ ಅನ್ನೋ ಪದ ಅಡ್ಡ ತರ್ತೀವಿ. ಇನ್ನು ಬೆರೆಯೋ ಮಾತು. ನಾಲ್ಕು ವರ್ಷದಲ್ಲಿ ನಾನು ಕಲಿತ ಮಲಯ್ ಪದಗಳನ್ನ ಎರಡು ಕೈಬೆರಳಲ್ಲಿ ಎಣಿಸಬಹುದು, ಎಲ್ಲಾ ತಿಂಡಿಯ ಹೆಸರು. ನನ್ನನ್ನ ಯಾರೂ ಕೇಳಲಿಲ್ಲ. ತಳಿಯ ಅಣ್ಣ ಕೆಲಸದ ಜಾಗದಲ್ಲಿ ಮಲಯ್ ಆಡ್ತಿದ್ರು, ಮೇಸ್ತ್ರಿಯ ಜೊತೆ ಹರಕುಮುರುಕು ಚೀನೀ ಆಡ್ತಿದ್ರು, ಬಾಂಗ್ಲಾದವರ ಸಹವಾಸದಿಂದ ಬಂಗಾಳಿ ಬೇರೆ. ಬೆರೆಯದ ಜನ ಅವರಂತೆ!

ಬೆಂಗಳೂರಿಗೆ ವಾಪಸ್ ಬಂದು ಈಗ ಎರಡು ವರ್ಷ. ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿದೀವಿ. ಎದುರಿಗೆ ಇನ್ನೂ ಮನೆ ಏಳದ ಖಾಲಿ ಸೈಟು. ಭಾನುವಾರ ಸಂಜೆ ಅಲ್ಲಿ ಪಕ್ಕದ ಟವರ್ ಕಟ್ಟೋ ಕೆಲಸಗಾರರು ಬಂದು ಕೂರ್ತಾರೆ, ಒಡಿಶಾದವರು ಕೆಲವರು, ಯಾದಗಿರಿ ಕಡೆಯವರು ಕೆಲವರು, ಬೇರೆಬೇರೆ ಗುಂಪು, ಬೇರೆಬೇರೆ ಹಾಡು. ಹೋದ ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಪೊಲೀಸರಿಗೆ ಕೊಡೋ ಪತ್ರದ ಕರಡು ಬಂತು. "ಹೊರಗಿನವರು" ಅನ್ನೋ ಪದ ಅದರಲ್ಲಿ ನಾಲ್ಕು ಸಲ ಇತ್ತು. ಸಹಿ ಹಾಕಿದವರ ಪಟ್ಟಿಯಲ್ಲಿ ಪುಣೆ, ಕೊಚ್ಚಿ, ಲಖನೌ, ಶಿವಮೊಗ್ಗ ಎಲ್ಲಾ ಇದ್ವು, ಬೆಂಗಳೂರಲ್ಲಿ ಹುಟ್ಟಿದೋರು ಎಷ್ಟು ಜನ ಅಂತ ನೀವೇ ಊಹಿಸ್ಕೊಳ್ಳಿ. ಯಾದಗಿರಿಯವನು ಹೊರಗಿನವನು, ಪುಣೆಯವರು ಓನರ್ರು.

ನಾನು ಸಹಿ ಹಾಕಲಿಲ್ಲ. ಈ ಸಲ ಟ್ಯಾಕ್ಸಿಯಲ್ಲಿ ಕೂತಂತೆ ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. "ನಮ್ಮ ಕ್ಲಬ್‌ಹೌಸಿನ ಹಿಂದಿನ ಲಾನ್ ಭಾನುವಾರ ಸಂಜೆ ಖಾಲಿ ಇರುತ್ತೆ. ಐದರಿಂದ ಏಳರವರೆಗೆ ಅವರಿಗೆ ಬಿಟ್ಟುಕೊಡಬಹುದಾ?" ಅಂತ ಹಾಕಿದೆ. ಹನ್ನೊಂದು ದಿನ ಆಯ್ತು. ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ. ಕಮಿಟಿಯ ಒಬ್ಬರು ಮಾತ್ರ ಪ್ರತ್ಯೇಕವಾಗಿ ಮೆಸೇಜ್ ಮಾಡಿ ಲಾನಿನ ಬುಕಿಂಗ್ ರೇಟ್ ಕಾರ್ಡ್ ಕಳಿಸಿದ್ರು.